ಮಿಶ್ರಫಲ ರಸಾಯನವನ್ನು ಮನೆಯಲ್ಲಿ ತಯಾರಿಸುವ ಕ್ರಮ

ಕರ್ನಾಟಕದ ಗ್ರಾಮಗಳಲ್ಲಿ ಹಣ್ಣಿನ ಗಿಡವೊಂದೂ ಇಲ್ಲದ ಹಿತ್ತಲು ಅಪರೂಪವಾದದ್ದು. ಬಚ್ಚಲ ನೀರು ಹರಿಯುವೆಡೆಯಲ್ಲಿ ಎರಡು ಬಾಳೆ, ಗೋಡೆಯ ಮಗ್ಗುಲಲ್ಲಿ ಒಂದು ಪರಂಗಿ, ಬಾವಿಯ ಬಳಿ ಸೀಬೆಯೋ ನಿಂಬೆಯೋ ಸಾಮಾನ್ಯವಾಗಿ ಇದ್ದೇ ಇರುತ್ತವೆ. ಸ್ಥಿತಿವಂತರಾದ ಜಮೀನುದಾರರಿಗೆ ಇದಲ್ಲದೆ ಮಾವಿನ ತೋಪೂ ಸಪೋಟದ ಸಾಲೂ ಉಂಟು. ಹೀಗಿದ್ದರೂ ಹಣ್ಣನ್ನು ದಿನನಿತ್ಯದ ಆಹಾರವೆಂದು ಎಣಿಸಿ ಕ್ರಮವಾಗಿ ಉಪಯೋಗಿಸುವ ಮನೆಗಳು ಬಹಳ ಕಡಮೆ. ಮಾವು ಹೂ ಬಿಟ್ಟ ಕಾಲದಲ್ಲಿಯೇ ತೋಪಿನ ಫಸಲನ್ನು ವರ್ತಕರಿಗೆ ಗುತ್ತಿಗೆ ಕೊಟ್ಟುಬಿಡುವುದು ವಾಡಿಕೆಯಾಗಿದೆ. ಗಾತ್ರ ಸಾಲದ್ದು, ಸಿಪ್ಪೆಯ ಮೇಲೆ ಮಚ್ಚೆ ಬಿದ್ದದ್ದು, ಗಾಡಿಯ ಪ್ರಯಾಣವನ್ನು ತಾಳಲಾರದಷ್ಟು ಮಾಗಿದ್ದು ಎಂದು ವರ್ತಕನು ಬಿಟ್ಟುಹೋದ ಹಣ್ಣು ಮರದ ಬುಡದಲ್ಲಿ ಕೊಳೆಯುವುದು, ಇಲ್ಲವೆ ದನಗಳ ಪಾಲಾಗುವುದು. ತೋಪಿನ ಒಡೆಯನ ಮಕ್ಕಳು ಪೇಟೆಗೆ ಹೋದಾಗ ಹಣ ಕೊಟ್ಟು ಹಣ್ಣನ್ನು ಕೊಂಡು ತಿನ್ನುವ ಪ್ರಸಂಗವೂ ಉಂಟು.

ಈ ನಷ್ಟವು ಅಲ್ಪವೆಂದು ತಿಳಿಯಬಾರದು. ಲೂಧಿಯಾನದಲ್ಲಿರುವ ಕೇಂದ್ರ ಕೊಯ್ಲೋತ್ತರ ತಾಂತ್ರಿಕ ಸಂಸ್ಥೆಯವರು ೨೦೧೫ರಲ್ಲಿ ಪ್ರಕಟಿಸಿದ ವರದಿಯಂತೆ, ಕೊಯ್ಲಿನಲ್ಲಿಯೂ ಅನಂತರದಲ್ಲಿಯೂ ಹಾಳಾಗುವ ಹಣ್ಣು ಪರಂಗಿಯಲ್ಲಿ ನೂರಕ್ಕೆ ಸುಮಾರು ೭ರಷ್ಟೂ ಸೀಬೆಯಲ್ಲಿ ಸುಮಾರು ೧೬ರಷ್ಟೂ ಇದೆ. ಇನ್ನೊಂದು ಕಡೆ, ೨೦೧೯–೨೧ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಈ ರಾಜ್ಯದ ಐದು ವರ್ಷಕ್ಕೊಳಪಟ್ಟ ಮಕ್ಕಳಲ್ಲಿ ನೂರಕ್ಕೆ ೬೫ಕ್ಕಿಂತ ಹೆಚ್ಚು ಮಂದಿಗೆ ರಕ್ತಹೀನತೆ ಇರುವುದು ಕಂಡುಬಂದಿತು. ಹಣ್ಣೊಂದರಿಂದಲೇ ರಕ್ತಹೀನತೆ ನೀಗದು. ಆದರೆ ರಾಗಿ, ಕಾಳು, ಸೊಪ್ಪುಗಳಲ್ಲಿರುವ ಕಬ್ಬಿಣದ ಅಂಶವನ್ನು ದೇಹವು ಹೀರಿಕೊಳ್ಳುವುದಕ್ಕೆ ಸಿ ಜೀವಸತ್ವವು ಬಹಳ ಸಹಾಯಕವಾದುದು. ಅದು ಹುಳಿಹಣ್ಣುಗಳಲ್ಲಿಯೂ ಸೀಬೆಯಲ್ಲಿಯೂ ಪರಂಗಿಯಲ್ಲಿಯೂ ಯಥೇಚ್ಛವಾಗಿದೆ. ಮುದ್ದೆಯ ಊಟದ ಜೊತೆಯಲ್ಲಿಯೇ ಒಂದು ಬಟ್ಟಲು ಹಣ್ಣನ್ನು ಕೊಟ್ಟರೆ ಆ ಊಟದ ಗುಣವೇ ಹೆಚ್ಚುವುದು. ಊಟವಾದ ಕೂಡಲೇ ಚಹ ಕುಡಿಯುವ ಪದ್ಧತಿಯಿಂದಾಗುವ ಪರಿಣಾಮ ಇದಕ್ಕೆ ವಿರೋಧವಾದದ್ದು.

ಒಂದೇ ಜಾತಿಯ ಹಣ್ಣನ್ನು ದಿನವೂ ತಿನ್ನಲು ಮಕ್ಕಳು ಬೇಸರಪಡುತ್ತಾರೆ. ಮೂರು ನಾಲ್ಕು ಬಗೆಯ ಹಣ್ಣುಗಳನ್ನು ಹೆಚ್ಚಿ ಬೆರೆಸಿಕೊಟ್ಟರೆ ಆ ಬೇಸರವಿರುವುದಿಲ್ಲ. ಮಚ್ಚೆ ಬಿದ್ದ ಹಣ್ಣಿನಲ್ಲಿಯೂ ಒಳ್ಳೆಯ ಭಾಗವು ಉಪಯೋಗಕ್ಕೆ ಬರುವುದು. ಪಟ್ಟಣದ ಹೋಟೆಲುಗಳಲ್ಲಿ ಇದನ್ನು ಫ್ರೂಟ್ ಕಾಕ್‌ಟೇಲ್ ಎಂದೂ ಫ್ರೂಟ್ ಸಲಾಡ್ ಎಂದೂ ಕರೆಯುವರು. ಕಾಕ್‌ಟೇಲ್ ಎಂಬುದು ಮೊದಲು ಮದ್ಯಗಳ ಮಿಶ್ರಣಕ್ಕೆ ಇದ್ದ ಹೆಸರಾದ್ದರಿಂದ ಊರಿನ ಹಿರಿಯರು ಅದನ್ನು ಕೇಳಿ ಶಂಕಿಸುವುದುಂಟು. ಹಣ್ಣಿನ ಮಿಶ್ರಣದಲ್ಲಿ ಮದ್ಯದ ಸಂಬಂಧವೇನೂ ಇಲ್ಲ. ಈ ನಾಡಿಗೆ ಇದು ಹೊಸದೂ ಅಲ್ಲ. ಕರಾವಳಿಯಲ್ಲಿ ತೆಂಗಿನ ಹಾಲು, ಬೆಲ್ಲ ಬೆರೆಸಿದ ಬಾಳೆಹಣ್ಣಿನ ರಸಾಯನ, ಉತ್ತರದ ಜಿಲ್ಲೆಗಳಲ್ಲಿ ಹೋಳಿಗೆಯೊಡನೆ ಬಡಿಸುವ ಮಾವಿನ ಸೀಕರಣೆ, ದೇವಸ್ಥಾನಗಳಲ್ಲಿ ಪ್ರಸಾದವಾಗಿ ಹಂಚುವ ಪಂಚಾಮೃತ, ಇವೆಲ್ಲವೂ ಇದರ ಬಂಧುಗಳೇ. ಅಮೆರಿಕಾದ ಡಬ್ಬಿಗಳಲ್ಲಿ ಬರುವ ಕಾಕ್‌ಟೇಲಿಗೆ ಅಲ್ಲಿಯ ಸರ್ಕಾರವು ಪ್ರಮಾಣವನ್ನೇ ಗೊತ್ತುಮಾಡಿದೆ: ನೂರು ಪಾಲಿನಲ್ಲಿ ಪೀಚ್ ಹಣ್ಣು ೩೦ರಿಂದ ೫೦, ಪೇರ್ ಹಣ್ಣು ೨೫ರಿಂದ ೪೫, ಅನಾನಸು ೬ರಿಂದ ೧೬, ದ್ರಾಕ್ಷಿ ೬ರಿಂದ ೨೦, ಚೆರ್ರಿ ೨ರಿಂದ ೬. ಆ ಡಬ್ಬಿಯ ಹಣ್ಣು ಕಾಯಿಸಿದ್ದಾದುದರಿಂದ ಅದರ ಸಿ ಜೀವಸತ್ವದಲ್ಲಿ ಒಂದು ಭಾಗ ಕಡಮೆಯಾಗಿರುತ್ತದೆ. ಹಿತ್ತಲಿನ ಹಣ್ಣನ್ನು ಆಗತಾನೆ ಹೆಚ್ಚಿ ತಿನ್ನುವವನಿಗೆ ಡಬ್ಬಿಯ ಗೊಡವೆ ಬೇಡ.

ರಸಾಯನವು ಚೆನ್ನಾಗಿ ಆಗುವುದೂ ಕೆಡುವುದೂ ಅಡಿಗೆಮನೆಯಲ್ಲಿ ಅಲ್ಲ, ಮರದ ಮೇಲೆ. ಈ ಮಾತು ಮುಖ್ಯವಾದುದರಿಂದ ಸ್ವಲ್ಪ ವಿವರಿಸಬೇಕಾಗಿದೆ. ಹಣ್ಣುಗಳಲ್ಲಿ ಎರಡು ವರ್ಗಗಳುಂಟು. ಮಾವು, ಬಾಳೆ, ಪರಂಗಿ, ಸಪೋಟ, ಸೀತಾಫಲ, ಹಲಸು ಇವು ಬಲಿತ ಕಾಯಿಯಾಗಿ ಕೊಯ್ದ ಮೇಲೂ ಮಾಗತಕ್ಕವು. ದ್ರಾಕ್ಷಿ, ಅನಾನಸು, ಕಿತ್ತಳೆ, ಮೂಸಂಬಿ, ದಾಳಿಂಬೆ, ಕಲ್ಲಂಗಡಿ ಇವು ಗಿಡದಿಂದ ಬೇರ್ಪಟ್ಟ ಮೇಲೆ ಸಿಹಿಯಾಗತಕ್ಕವಲ್ಲ. ಕೊಯ್ದಾಗ ಇದ್ದ ಸಿಹಿಯೇ ಕಡೆಯ ಸಿಹಿ. ಹುಳಿ ದ್ರಾಕ್ಷಿಯನ್ನು ತಂದು ನಾಲ್ಕು ದಿನ ಮನೆಯಲ್ಲಿಟ್ಟರೆ ಅದು ಬಾಡುವುದೇ ಹೊರತು ಸಿಹಿಯಾಗುವುದಿಲ್ಲ. ಆದುದರಿಂದ ಎರಡನೆಯ ವರ್ಗದವನ್ನು ಪೂರ್ತಿ ಹಣ್ಣಾದ ಮೇಲೆಯೇ ಕೊಯ್ಯತಕ್ಕದ್ದು.

ಮೊದಲನೆಯ ವರ್ಗದಲ್ಲಿ ಬಲಿತಿರುವುದನ್ನು ಗುರುತಿಸುವುದೇ ಜಾಣತನ. ಮಾವಿನ ಕಾಯಿಯ ತೊಟ್ಟಿನ ಇಕ್ಕೆಲದ ಹೆಗಲುಗಳು ಉಬ್ಬಿ ತೊಟ್ಟು ತಗ್ಗಿನಲ್ಲಿ ಸೇರಿಕೊಂಡಂತೆ ಕಂಡರೆ ಅದು ಬಲಿತಿದೆ. ಸಂದೇಹವಿದ್ದರೆ ನೀರಿನಲ್ಲಿ ಹಾಕಿ ನೋಡಬಹುದು, ಬಲಿತದ್ದು ಮುಳುಗುವುದು, ಎಳೆಯದು ತೇಲುವುದು. ಬಾಳೆಯ ಕಾಯಿಗಳ ಏಣುಗಳು ಮರೆಯಾಗಿ ಕಾಯಿ ದುಂಡಗಾದಾಗ ಗೊನೆಯನ್ನು ಕಡಿಯಬೇಕು. ಪರಂಗಿಯಲ್ಲಿ ತುದಿಯ ಕಡೆ ಒಂದೆರಡು ಹಳದಿ ಗೆರೆಗಳು ಮೂಡಿ, ಗೀರಿದರೆ ಬರುವ ಹಾಲು ನೀರಿನಂತೆ ತೆಳ್ಳಗಾಗಿರಬೇಕು. ಸಪೋಟದ ಮೇಲಿನ ಕಂದು ಹೊಟ್ಟು ಕೈಯಿಂದ ಉಜ್ಜಿದರೆ ಉದುರಬೇಕು, ಉಗುರಿನಿಂದ ಕೆರೆದರೆ ಒಳಗೆ ಹಸುರು ಬಣ್ಣ ಕಾಣಬಾರದು. ಸೀತಾಫಲದ ಕಣ್ಣುಗಳ ನಡುವಿನ ಸಂದು ಅಗಲವಾಗಿ ಕೆನೆಬಣ್ಣಕ್ಕೆ ತಿರುಗಿದರೆ ಅದು ಕೊಯ್ಲಿಗೆ ಬಂದಂತೆಯೇ. ಕಲ್ಲಂಗಡಿಯನ್ನು ಬೆರಳಿನಿಂದ ತಟ್ಟಿದರೆ ಮಂದವಾದ ಸದ್ದು ಬರಬೇಕು, ನೆಲಕ್ಕೆ ತಾಗಿದ ಮಚ್ಚೆ ಬಿಳಿಯಿಂದ ಹಳದಿಗೆ ತಿರುಗಿರಬೇಕು. ಮಾವನ್ನು ತೊಟ್ಟಿಲ್ಲದೆ ಕಿತ್ತರೆ ಸೊನೆ ಹರಿದು ಸಿಪ್ಪೆ ಸುಟ್ಟಂತಾಗುವುದು. ಸ್ವಲ್ಪ ತೊಟ್ಟನ್ನಿಟ್ಟು ಕೊಯ್ದು, ಆಮೇಲೆ ತೊಟ್ಟನ್ನು ಮುರಿದು ಬೋರಲಾಗಿ ಇಟ್ಟು ಸೊನೆಯನ್ನು ಇಳಿಸತಕ್ಕದ್ದು.

ಬಲಿತ ಕಾಯಿಗಳನ್ನು ಹುಲ್ಲಿನಲ್ಲಿ ಅಡೆ ಹಾಕಿ ಹಣ್ಣುಮಾಡುವ ಹಿಂದಿನವರ ಕ್ರಮವು ಇಂದಿಗೂ ಯೋಗ್ಯವಾದದ್ದು. ಮಾಗುವ ಹಣ್ಣಿನಿಂದ ಎಥಿಲೀನ್ ಎಂಬ ಅನಿಲವು ತಾನಾಗಿ ಹೊರಡುತ್ತದೆ. ಅದೇ ಮಿಕ್ಕ ಕಾಯಿಗಳನ್ನೂ ಮಾಗಿಸುವುದು. ಹುಲ್ಲಿನ ಮರೆಯು ಅದನ್ನು ಹಿಡಿದಿಡುವುದು, ಅಷ್ಟೆ. ಮಾಗಿದ ಒಂದೆರಡು ಬಾಳೆಹಣ್ಣನ್ನು ಕಾಯಿಗಳ ನಡುವೆ ಇಟ್ಟರೆ ಕೆಲಸ ಬೇಗ ಆಗುವುದು. ಕೆಲವರು ಆತುರಕ್ಕಾಗಿ ಕ್ಯಾಲ್ಷಿಯಂ ಕಾರ್ಬೈಡ್ ಎಂಬ ಕಲ್ಲನ್ನು ಉಪಯೋಗಿಸುವರು. ಅದರಲ್ಲಿ ಪಾಷಾಣವೂ ರಂಜಕವೂ ಬೆರೆತಿರುವುದರಿಂದ ಅದು ಅಪಾಯಕರವಾದದ್ದು. ಅದರಿಂದ ಹೊರಡುವ ಅನಿಲವು ಬೆಂಕಿಗೆ ಹತ್ತಿಕೊಳ್ಳತಕ್ಕದ್ದು. ಆಹಾರ ಸುರಕ್ಷತೆಯ ೨೦೧೧ರ ನಿಬಂಧನೆಗಳ ಪ್ರಕಾರ ಕಾರ್ಬೈಡಿನಿಂದ ಮಾಗಿಸಿದ ಹಣ್ಣನ್ನು ಮಾರುವುದು ನಿಷಿದ್ಧವಾಗಿದೆ. ತನ್ನ ತೋಪಿನಲ್ಲಿ ಗುತ್ತಿಗೆದಾರನು ಇದನ್ನು ಉಪಯೋಗಿಸದಂತೆ ನೋಡಿಕೊಳ್ಳುವುದು ಜಮೀನಿನ ಯಜಮಾನನಿಗೂ ಸೇರಿದ ಹೊಣೆ. ಇದರಂತೆಯೇ, ಗಿಡಗಳಿಗೆ ಕೀಟನಾಶಕವನ್ನು ಸಿಂಪಡಿಸಿದ್ದರೆ, ಆ ಡಬ್ಬಿಯ ಮೇಲೆ ಬರೆದಿರುವಷ್ಟು ದಿನಗಳು ಕಳೆಯುವವರೆಗೆ ಮನೆಯವರೂ ಆ ಹಣ್ಣನ್ನು ಮುಟ್ಟಬಾರದು.

ಇನ್ನು ಬಿದ್ದ ಹಣ್ಣಿನ ವಿಚಾರ. ಅದೇ ದಿನ ಗಾಳಿಗೆ ಬಿದ್ದು ಒಂದು ಕಡೆ ಜಜ್ಜಿದ ಹಣ್ಣಿನಲ್ಲಿ ಆ ಭಾಗವನ್ನು ಧಾರಾಳವಾಗಿ ಕತ್ತರಿಸಿ ತೆಗೆದು ಮಿಕ್ಕದ್ದನ್ನು ಉಪಯೋಗಿಸಬಹುದು. ಬೂಷ್ಟು ಹಿಡಿದದ್ದು, ಹುಳಿತ ವಾಸನೆ ಬರುವುದು ಎಷ್ಟು ಚೆನ್ನಾಗಿ ಕಂಡರೂ ಪೂರ್ತಿಯಾಗಿ ತ್ಯಾಜ್ಯ. ಮೃದುವಾದ ಹಣ್ಣಿನಲ್ಲಿ ಬೂಷ್ಟು ಕಣ್ಣಿಗೆ ಕಾಣುವುದಕ್ಕಿಂತ ಆಳವಾಗಿ ಇಳಿದಿರುತ್ತದೆ. ಬಾವಲಿಯೋ ಹಕ್ಕಿಯೋ ಕಚ್ಚಿದ ಹಣ್ಣು ಸಿಹಿಯಾಗಿರುವುದೆಂಬ ಮಾತು ಹಳ್ಳಿಗಳಲ್ಲಿದೆ. ಅದು ನಿಜವೇ ಆದರೂ ಅಂತಹ ಹಣ್ಣನ್ನು ತಿನ್ನಬಾರದು. ೨೦೧೮ರಲ್ಲಿ ನೆರೆಯ ಕೇರಳದ ಕೋಳಿಕ್ಕೋಡು ಸೀಮೆಯಲ್ಲಿ ಕಾಣಿಸಿಕೊಂಡ ನಿಫಾ ಎಂಬ ಮಾರಕ ರೋಗದ ವಿಷಾಣುವಿಗೆ ಹಣ್ಣುತಿನ್ನುವ ಬಾವಲಿಗಳೇ ಆಶ್ರಯ. ಸೀಬೆಯಲ್ಲಿ ಹಣ್ಣಿನ ನೊಣದ ಹುಳು ಸಾಮಾನ್ಯ. ಮಳೆಗಾಲದ ಫಸಲು ನೀರಾಗಿಯೂ ಹುಳು ಬಿದ್ದದ್ದಾಗಿಯೂ ಇರುವುದು, ಚಳಿಗಾಲದ್ದು ಗಟ್ಟಿಯಾಗಿಯೂ ರುಚಿಯಾಗಿಯೂ ಇರುವುದು. ಹುಳು ಬಿದ್ದ ಹಣ್ಣುಗಳನ್ನು ಗಿಡದ ಕೆಳಗೆ ಬಿಡದೆ ಆರಿಸಿ ಎರಡು ಅಡಿ ಆಳದ ಗುಂಡಿಯಲ್ಲಿ ಹೂಳಿದರೆ ಮುಂದಿನ ಫಸಲಿಗೆ ನೊಣದ ಕಾಟ ಕಡಮೆಯಾಗುವುದು.

ಹಣ್ಣುಗಳನ್ನು ಹೆಚ್ಚುವುದಕ್ಕೆ ಮೊದಲು ತೊಳೆಯಬೇಕು. ಹೆಚ್ಚಿದ ಮೇಲೆ ಅಲ್ಲ. ಸಿಪ್ಪೆಯನ್ನು ತಿನ್ನದೆ ಬಿಸಾಡುವ ಕಲ್ಲಂಗಡಿ, ಕರ್ಬೂಜ, ಪರಂಗಿಗಳನ್ನು ಕೂಡ ತೊಳೆಯುವುದು ಅವಶ್ಯಕ. ಏಕೆಂದರೆ ಸಿಪ್ಪೆಯ ಮೇಲಿನ ಮಣ್ಣೂ ಗೊಬ್ಬರದ ಕೊಳೆಯೂ ಚಾಕುವಿನ ಅಲಗಿನೊಡನೆ ತಿರುಳಿನೊಳಕ್ಕೆ ಹೋಗುವುವು. ಹೆಚ್ಚುವವರು ಸಾಬೂನಿನಿಂದ ಕೈ ತೊಳೆದುಕೊಳ್ಳಬೇಕು. ಕೈಯಲ್ಲಿ ಹುಣ್ಣು ಗಾಯಗಳಿರುವವರೂ ಹೊಟ್ಟೆಯ ತೊಂದರೆಯುಳ್ಳವರೂ ಈ ಕೆಲಸಕ್ಕೆ ಕೈಹಾಕಬಾರದು. ಪಾತ್ರೆಯ ವಿಷಯದಲ್ಲಿಯೂ ಎಚ್ಚರ ಬೇಕು. ಕಲಾಯಿ ಇಲ್ಲದ ತಾಮ್ರ ಹಿತ್ತಾಳೆಗಳನ್ನು ಹಣ್ಣಿನ ಹುಳಿಯು ಕರಗಿಸಿ ರಸವನ್ನು ಕಿಲುಬು ಮಾಡುವುದರಿಂದ ಪಿಂಗಾಣಿ, ಗಾಜು, ಸ್ಟೀಲು ಇವುಗಳ ಪಾತ್ರೆಯೇ ಒಳ್ಳೆಯದು. ಸಮಾರಂಭಗಳಿಗೆ ಹಿತ್ತಾಳೆಯ ಕೊಪ್ಪರಿಗೆಯನ್ನೇ ಇಳಿಸುವುದು ಅನೇಕ ಊರುಗಳ ಅಭ್ಯಾಸ. ಅಂತಹ ಕಡೆ ಮೊದಲು ಕಲಾಯಿಯನ್ನು ಪರೀಕ್ಷಿಸಿಕೊಳ್ಳತಕ್ಕದ್ದು.

ಹತ್ತು ಜನರಿಗೆ ಬೇಸಗೆಯಲ್ಲಿ ಮಾಡತಕ್ಕ ರಸಾಯನಕ್ಕೆ, ಸಿಪ್ಪೆ ಬೀಜ ತೆಗೆದ ಮಾವಿನ ಹೋಳು ೪೦೦ ಗ್ರಾಂ, ಪರಂಗಿಯ ಹೋಳು ೪೦೦ ಗ್ರಾಂ, ಏಲಕ್ಕಿ ಬಾಳೆಹಣ್ಣು ಹತ್ತು, ಬೀಜವಿಲ್ಲದ ದ್ರಾಕ್ಷಿ ೨೦೦ ಗ್ರಾಂ, ದಾಳಿಂಬೆ ಒಂದು, ನಿಂಬೆಹಣ್ಣು ಎರಡು, ಬೆಲ್ಲ ೭೫ ಗ್ರಾಂ, ಏಲಕ್ಕಿ ನಾಲ್ಕು, ಒಂದು ಚಿಟಿಕೆ ಉಪ್ಪು ಇಷ್ಟು ಸಾಕು. ತಲೆಗೆ ಸುಮಾರು ನೂರೈವತ್ತು ಗ್ರಾಂ ಹಣ್ಣು ಬೀಳುವುದು. ದಿನಕ್ಕೆ ನೂರು ಗ್ರಾಂ ಹಣ್ಣನ್ನಾದರೂ ತಿನ್ನಬೇಕೆಂದು ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕತೆ ಸಂಸ್ಥೆಯವರು ಸಲಹೆ ಮಾಡಿರುವುದರಿಂದ ಒಂದು ಬಟ್ಟಲಿನಲ್ಲಿಯೇ ದಿನದ ಪಾಲು ಮುಗಿಯುವುದು. ಮಾವಿನ ಜಾತಿಗಳಲ್ಲಿ ಬಾದಾಮಿಯೂ ಮಲ್ಲಿಕಾವೂ ಹೋಳು ಮುರಿಯದೆ ನಿಲ್ಲತಕ್ಕವು. ರಸಪುರಿಯು ಹೆಸರಿಗೆ ತಕ್ಕಂತೆ ರಸವಾಗಿಬಿಡುವುದು. ಅದನ್ನು ಸೀಕರಣೆಗೆ ಬಿಡುವುದೇ ಲೇಸು. ಬಾಳೆಯಲ್ಲಿ ಏಲಕ್ಕಿ ಬಾಳೆಗೆ ಸಮನಾದದ್ದು ನಂಜನಗೂಡಿನ ರಸಬಾಳೆ. ಬೇರಿನಿಂದ ಹತ್ತುವ ಸೊರಗುರೋಗದಿಂದ ಅದರ ಬೇಸಾಯ ಬಹಳ ಕುಗ್ಗಿಹೋಗಿರುವುದು ವಿಷಾದಕರ. ಪಚ್ಚಬಾಳೆಯು ಬೇಗ ಕರಗಿ ಲೋಳೆಯಾಗುವುದರಿಂದ ಅದು ಎರಡನೆಯ ಪಕ್ಷ.

ಮೊದಲು ಬೆಲ್ಲವನ್ನು ಅರ್ಧ ಬಟ್ಟಲು ನೀರಿನಲ್ಲಿ ಕರಗಿಸಿ ಒಂದು ಕುದಿ ಬರಿಸಿ, ಬಟ್ಟೆಯಲ್ಲಿ ಸೋಸಿ, ಪೂರ್ತಿಯಾಗಿ ಆರಲು ಬಿಡಬೇಕು. ಬಿಸಿ ಪಾಕವನ್ನು ಹಣ್ಣಿಗೆ ಸುರಿದರೆ ಹೋಳುಗಳು ಬೆಂದಂತಾಗುವುವು. ಪಾಕ ಆರುವಷ್ಟರಲ್ಲಿ ಹಣ್ಣಿನ ಕೆಲಸವನ್ನು ಆರಂಭಿಸಬಹುದು. ಇದರಲ್ಲಿ ಒಂದು ಅನುಕ್ರಮವುಂಟು. ಹೊತ್ತು ಕಳೆದರೂ ಕೆಡದಿರತಕ್ಕವು ಮೊದಲು: ದಾಳಿಂಬೆಯ ಕಾಳು, ದ್ರಾಕ್ಷಿ, ಕಿತ್ತಳೆಯ ಕಾಲವಾದರೆ ಪೊರೆ ಬಿಡಿಸಿದ ತೊಳೆ. ಆಮೇಲೆ ಪರಂಗಿ, ಮಾವು. ಹೋಳುಗಳು ಎರಡು ಬೆರಳಿನಿಂದ ಹಿಡಿಯುವಷ್ಟು, ಒಂದೇ ಅಳತೆಯಲ್ಲಿರಲಿ. ಸೀಬೆಯೋ ಸೇಬೋ ಇದ್ದರೆ ಅದರ ತರುವಾಯ. ಬಾಳೆಹಣ್ಣು ಎಲ್ಲಕ್ಕಿಂತ ಕಡೆಗೆ, ಬಡಿಸಲು ಎಲೆ ಹಾಕಿದ ಮೇಲೆ.

ಸೀಬೆ, ಸೇಬು, ಬಾಳೆ ಇವುಗಳ ಹೋಳು ಗಾಳಿಗೆ ಕಪ್ಪಾಗುವುದನ್ನು ಎಲ್ಲರೂ ನೋಡಿರುವರು. ಹಣ್ಣನ್ನು ಕತ್ತರಿಸಿದಾಗ ಅದರೊಳಗಿನ ಒಂದು ಕಿಣ್ವವು ಗಾಳಿಯೊಡನೆ ಸೇರಿ ಮಾಡುವ ಕೆಲಸವಿದು. ಇದರಿಂದ ಹಣ್ಣು ವಿಷವಾಗುವುದಿಲ್ಲ. ಆದರೆ ನೋಟವೂ ರುಚಿಯೂ ಕೆಡುವುವು, ಮಕ್ಕಳು ಬಟ್ಟಲನ್ನು ತಳ್ಳುವರು. ನಿಂಬೆರಸದ ಹುಳಿಯು ಆ ಕಿಣ್ವವನ್ನು ತಡೆಯುತ್ತದೆ, ಅದರಲ್ಲಿರುವ ಸಿ ಜೀವಸತ್ವವು ಬಣ್ಣ ತಿರುಗುವುದನ್ನು ಹಿಂದೆಗೆಯುತ್ತದೆ. ಆದುದರಿಂದ ಹೋಳುಗಳು ಚಾಕುವಿನಿಂದ ಬಿದ್ದ ಕೂಡಲೇ ನಿಂಬೆರಸವನ್ನು ಚಿಮುಕಿಸಿ ಮೃದುವಾಗಿ ಹೊರಳಿಸಬೇಕು. ಬೆಲ್ಲದ ಪಾಕವನ್ನಾಗಲಿ ಸಕ್ಕರೆಯನ್ನಾಗಲಿ ಬಡಿಸುವುದಕ್ಕೆ ಕಾಲು ಗಂಟೆಗಿಂತ ಮುಂಚೆ ಹಾಕತಕ್ಕದ್ದಲ್ಲ; ಸಿಹಿಯು ಹಣ್ಣಿನೊಳಗಿನ ರಸವನ್ನು ಹೊರಕ್ಕೆ ಎಳೆಯುವುದರಿಂದ ಹೋಳುಗಳು ಜೋತು, ಪಾತ್ರೆಯ ತುಂಬ ನೀರು ನಿಲ್ಲುವುದು. ಹಣ್ಣು ಚೆನ್ನಾಗಿ ಮಾಗಿದ್ದರೆ ಬೆಲ್ಲದ ಅವಶ್ಯಕತೆಯೇ ಇಲ್ಲವೆಂದು ಹೇಳಿದರೂ ತಪ್ಪಾಗದು. ಕಡೆಗೆ ಏಲಕ್ಕಿಯ ಪುಡಿ, ಉಪ್ಪಿನ ಚಿಟಿಕೆ. ಸೀಬೆ ಹೆಚ್ಚಾಗಿರುವ ರಸಾಯನಕ್ಕೆ ಏಲಕ್ಕಿಗಿಂತ ಕರಿಮೆಣಸಿನ ಪುಡಿ ಹೊಂದುವುದು.

ಕರಾವಳಿಯವರು ಇದಕ್ಕೆ ಒಂದು ತೆಂಗಿನಕಾಯಿಯ ಗಟ್ಟಿ ಹಾಲನ್ನು ಸೇರಿಸುವರು. ಈ ಪದ್ಧತಿಯಲ್ಲಿ ರುಚಿಯ ಜೊತೆಗೆ ಯುಕ್ತಿಯೂ ಇದೆ. ಮಾವು ಪರಂಗಿಗಳ ಹಳದಿ ಬಣ್ಣಕ್ಕೆ ಕಾರಣವಾದ ಕ್ಯಾರೊಟೀನ್ ಎಂಬ ದ್ರವ್ಯದಿಂದ ದೇಹವು ಕಣ್ಣಿಗೆ ಹಿತವಾದ ಎ ಜೀವಸತ್ವವನ್ನು ಮಾಡಿಕೊಳ್ಳುತ್ತದೆ. ಅದು ಜೀರ್ಣವಾಗಿ ಒಳಸೇರಲು ಸ್ವಲ್ಪ ಜಿಡ್ಡು ಇರಬೇಕು. ತೆಂಗಿನ ಹಾಲು ಬೇಗ ಹುಳಿಯುವುದರಿಂದ ಅದನ್ನು ಆ ಹೊತ್ತಿಗೇ ಹಿಂಡಿ ಬೆರೆಸಬೇಕು.

ಹಸುವಿನ ಹಾಲನ್ನೋ ಕೆನೆಯನ್ನೋ ಬೆರೆಸುವವರು ಮಾತ್ರ ಒಂದು ಸಂಗತಿಯನ್ನು ಮರೆಯಬಾರದು. ಪರಂಗಿಯಲ್ಲಿಯೂ ಅನಾನಸಿನಲ್ಲಿಯೂ ಹಾಲಿನ ಸಾರವನ್ನು ಒಡೆಯತಕ್ಕ ಕಿಣ್ವಗಳಿವೆ. ಇವುಗಳೊಡನೆ ಹಾಲು ಸೇರಿ ಸ್ವಲ್ಪ ಹೊತ್ತಾದರೆ ಒಡೆದು ಕಹಿಯಾಗುವುದು. ಮದುವೆಯ ಮನೆಗಳಲ್ಲಿ ದೊಡ್ಡ ಕೊಳದಪ್ಪಲೆಯ ರಸಾಯನವೇ ಹೀಗೆ ಕೆಟ್ಟು, ಹಾಲು ಹಾಕಿದವನ ಮೇಲೆ ದೂರು ಬರುವುದುಂಟು. ಹಾಲು ಬೇಕೇ ಬೇಕಾದರೆ ಬಾಳೆ, ಮಾವು, ಸಪೋಟ ಇಷ್ಟನ್ನೇ ಬಳಸತಕ್ಕದ್ದು, ನಿಂಬೆರಸವನ್ನು ಬಿಡತಕ್ಕದ್ದು. ಅನಾನಸನ್ನು ಬಿಡಲು ಮನಸ್ಸಿಲ್ಲದಿದ್ದರೆ ಅದರ ಹೋಳುಗಳನ್ನು ಸ್ವಲ್ಪ ಸಕ್ಕರೆ ನೀರಿನಲ್ಲಿ ಕೆಲವು ನಿಮಿಷ ಕುದಿಸಿ ಆರಿಸಿ ಸೇರಿಸಬಹುದು. ಶಾಖದಿಂದ ಕಿಣ್ವವು ನಾಶವಾಗುವುದು. ಬನವಾಸಿಯ ಕಡೆಯಿಂದ ಅನಾನಸು ಧಾರಾಳವಾಗಿ ಬರುವ ತಿಂಗಳುಗಳಲ್ಲಿ ಈ ಉಪಾಯ ತಿಳಿದಿರುವುದು ಒಳ್ಳೆಯದು.

ಬೇಸಗೆ ಹೋದ ಮೇಲೆ ರಸಾಯನ ನಿಲ್ಲಬೇಕಾಗಿಲ್ಲ. ಬಾಳೆ, ಪರಂಗಿಗಳು ವರ್ಷವಿಡೀ ದೊರೆಯುವುವು, ಅವೇ ಬುಡ. ಶ್ರಾವಣ ಭಾದ್ರಪದಗಳಿಂದ ಸೀತಾಫಲ, ದಾಳಿಂಬೆ ಬರುವುವು. ಚಳಿಗಾಲದಲ್ಲಿ ಸೀಬೆ, ಸಪೋಟ, ಕೊಡಗಿನ ಕಿತ್ತಳೆ. ದೇವನಹಳ್ಳಿಯ ಕಡೆಯವರಿಗೆ ಚಕ್ಕೋತ. ಮಾಘದಿಂದ ದ್ರಾಕ್ಷಿ, ಕಲ್ಲಂಗಡಿ. ಸೀಬೆಯನ್ನು ಬಡವರ ಹಣ್ಣೆಂದು ಉಳ್ಳವರು ಉಪೇಕ್ಷಿಸುವುದು ಅವಿವೇಕ. ಮೇಲ್ಕಂಡ ಪೌಷ್ಟಿಕತೆ ಸಂಸ್ಥೆಯವರು ೨೦೧೭ರಲ್ಲಿ ಪ್ರಕಟಿಸಿದ ಕೋಷ್ಟಕದಂತೆ ನೂರು ಗ್ರಾಂ ಸೀಬೆಯಲ್ಲಿ ಇನ್ನೂರು ಮಿಲಿಗ್ರಾಮಿಗೂ ಮೇಲ್ಪಟ್ಟು ಸಿ ಜೀವಸತ್ವವಿದೆ. ಕಿತ್ತಳೆಯಲ್ಲಿರುವುದಕ್ಕಿಂತ ಇದು ನಾಲ್ಕು ಪಾಲಿಗಿಂತ ಹೆಚ್ಚು. ದೂರದೇಶದಿಂದ ಬಂದು ಮೇಣ ಬಳಿಸಿಕೊಂಡು ಅಂಗಡಿಯಲ್ಲಿ ಹೊಳೆಯುವ ಸೇಬಿನಲ್ಲಿ ಈ ಗುಣ ಇಲ್ಲವೆನ್ನುವಷ್ಟು ಕಡಮೆ. ಪರದೇಶದ್ದೆಂಬ ಮಾತು ಬಂದರೆ, ಪರಂಗಿ, ಸೀಬೆ, ಅನಾನಸು, ಸಪೋಟ, ಸೀತಾಫಲ ಇವೂ ಅಮೆರಿಕಾ ಖಂಡದಿಂದ ಬಂದವೇ. ಪರಂಗಿಯು ತನ್ನ ಹೆಸರಿನಲ್ಲಿಯೇ ಆ ಸಂಗತಿಯನ್ನು ಉಳಿಸಿಕೊಂಡಿದೆ.

ಹೆಚ್ಚಿದ ಹಣ್ಣನ್ನು ಹೊರಗಿನ ಹವೆಯಲ್ಲಿ ಎರಡು ಗಂಟೆಗಿಂತ ಹೆಚ್ಚು ಇಡಕೂಡದು. ಕಡು ಬೇಸಗೆಯಲ್ಲಿ ಒಂದು ಗಂಟೆಯೇ ಮಿತಿ. ಹುಳಿ ಹೆಚ್ಚಾಗಿರುವ ಹಣ್ಣುಗಳಲ್ಲಿ ರೋಗಾಣುಗಳು ಸುಲಭವಾಗಿ ಬೆಳೆಯವು. ಪರಂಗಿ, ಕರ್ಬೂಜ, ಕಲ್ಲಂಗಡಿಗಳಲ್ಲಿ ಹುಳಿ ಇಲ್ಲದಿರುವುದರಿಂದ ಅಲ್ಲಿ ಅವು ಬೇಗ ಹೆಚ್ಚುವುವು; ವಾಸನೆಯಾಗಲಿ ರುಚಿಯಾಗಲಿ ಬದಲಾಗದಿರುವಾಗಲೇ ಹಣ್ಣು ಕೆಟ್ಟಿರಬಹುದು. ಶೀತಪೆಟ್ಟಿಗೆ ಇರುವ ಮನೆಗಳಲ್ಲಿ ಮುಚ್ಚಿಟ್ಟು ಅದೇ ದಿನ ಮುಗಿಸತಕ್ಕದ್ದು. ಇಡೀ ಬಾಳೆಹಣ್ಣನ್ನು ಮಾತ್ರ ಅದರಲ್ಲಿಡಬಾರದು, ಶೀತಕ್ಕೆ ಸಿಪ್ಪೆ ಕಪ್ಪಾಗುವುದು.

ಶ್ರೀರಾಮನವಮಿ, ಊರಹಬ್ಬ, ಜಾತ್ರೆಗಳಲ್ಲಿ ಇನ್ನೂರು ಮುನ್ನೂರು ಜನರಿಗೆ ರಸಾಯನವನ್ನು ಹಂಚುವಾಗ ಗ್ರಾಮದ ಮುಖಂಡರು ಈ ವಿಷಯದಲ್ಲಿ ವಿಶೇಷ ಗಮನವಿಡಬೇಕು. ಬೆಳಗಿನ ಜಾವದಲ್ಲಿಯೇ ಎಲ್ಲವನ್ನೂ ಹೆಚ್ಚಿಟ್ಟು ಮಧ್ಯಾಹ್ನ ಹಂಚುವುದಕ್ಕಿಂತ, ಹಣ್ಣುಗಳನ್ನು ತೊಳೆದು ನೆರಳಿನಲ್ಲಿರಿಸಿ, ಮಂಗಳಾರತಿಯ ಹೊತ್ತಿಗೆ ಐವತ್ತು ಜನಕ್ಕೆ ಆಗುವಷ್ಟನ್ನು ಕಂತುಕಂತಾಗಿ ಹೆಚ್ಚಿಸುವುದು ಮೇಲು. ಪಾಕಕ್ಕೆ ಕುದಿಸಿ ಆರಿಸಿದ ನೀರೇ ಆಗಬೇಕು. ಅರವಟ್ಟಿಗೆಯ ಪಾನಕ ಮಜ್ಜಿಗೆಗಳಿಗೂ ಇದೇ ನಿಯಮ. ತಂಪಿಗಾಗಿ ಮೀನಿನ ಪೆಟ್ಟಿಗೆಗೆ ಹಾಕುವ ಮಂಜುಗಡ್ಡೆಯನ್ನು ತಂದು ಒಡೆದು ಹಾಕುವವರಿದ್ದಾರೆ. ಅದನ್ನು ತಿನ್ನುವುದಕ್ಕಾಗಿ ಮಾಡಿರುವುದಲ್ಲ. ಪಾತ್ರೆಗಳ ಮೇಲೆ ನೊಣ ಕೂರದಂತೆ ತೆಳುಬಟ್ಟೆಯನ್ನು ಮುಚ್ಚಿಸಬೇಕು.

ಕೆಲವರ ಮಟ್ಟಿಗೆ ಎಚ್ಚರಿಕೆಗಳುಂಟು. ಸಿಹಿಮೂತ್ರ ರೋಗದವರು ಬೆಲ್ಲ, ಸಕ್ಕರೆ, ಜೇನುಗಳನ್ನು ಬಿಟ್ಟು, ವೈದ್ಯರು ಹೇಳಿದಷ್ಟೇ ಹಣ್ಣನ್ನು ತಿನ್ನಬೇಕು. ಒಂದು ವರ್ಷ ತುಂಬದ ಕೂಸಿಗೆ ಜೇನು ಬೆರೆಸಿದ್ದನ್ನು ಕೊಡಲೇಕೂಡದು. ಐದು ವರ್ಷದೊಳಗಿನ ಮಕ್ಕಳಿಗೆ ಇಡೀ ದ್ರಾಕ್ಷಿಯು ಗಂಟಲಿನಲ್ಲಿ ಸಿಕ್ಕಿಕೊಳ್ಳುವುದರಿಂದ ಉದ್ದುದ್ದವಾಗಿ ನಾಲ್ಕು ಸೀಳಿ ಕೊಡಬೇಕು. ಸಪೋಟದ ಕೊಕ್ಕೆಯಿರುವ ಬೀಜವನ್ನೂ ಸೀತಾಫಲದ ಬೀಜವನ್ನೂ ಒಂದೂ ಉಳಿಯದಂತೆ ತೆಗೆಯಬೇಕು. ಸೀತಾಫಲದ ಬೀಜದ ತಿರುಳು ವಿಷಯುಕ್ತವಾದದ್ದು. ಅದನ್ನು ಅರೆದದ್ದು ಕಣ್ಣಿಗೆ ತಾಗಿದರೂ ಹಾನಿ. ಅಡ್ಡ ಕತ್ತರಿಸಿದರೆ ನಕ್ಷತ್ರದಂತೆ ಕಾಣುವ ಕಮರಾಕ್ಷಿ ಹಣ್ಣು, ಕರಾವಳಿಯವರ ದಾರೆಹುಳಿ, ನೋಟಕ್ಕೆ ಚೆಂದವಾದುದರಿಂದ ಬಟ್ಟಲಿನ ಅಲಂಕಾರಕ್ಕೆ ಹಾಕುವರು. ಮೂತ್ರಪಿಂಡದ ರೋಗವಿರುವವರಿಗೆ ಅದು ಪ್ರಾಣಾಪಾಯವನ್ನು ತರಬಲ್ಲದು.

ಇಷ್ಟೆಲ್ಲಕ್ಕೂ ಮೊದಲು ಮನೆಯಲ್ಲಿ ಹಣ್ಣು ಇರಬೇಕು. ತೋಪನ್ನು ಗುತ್ತಿಗೆ ಕೊಡುವ ಜಮೀನುದಾರರು ಕರಾರು ಪತ್ರದಲ್ಲಿಯೇ ಎರಡು ಮೂರು ಒಳ್ಳೆಯ ಮರಗಳನ್ನು ಹೆಸರಿಸಿ, ಅವುಗಳ ಫಸಲು ಮನೆಗೂ ಆಳುಕಾಳುಗಳಿಗೂ ಮೀಸಲೆಂದು ಬರೆಸತಕ್ಕದ್ದು. ವರ್ತಕನು ಆರಿಸಿ ಬಿಟ್ಟ ಹಣ್ಣಿನ ಹಕ್ಕು ಯಾರದೆಂಬುದನ್ನೂ ಅದರಲ್ಲಿಯೇ ಸ್ಪಷ್ಟಪಡಿಸಿದರೆ ಕಡೆಯಲ್ಲಿ ಮಾತಿಗೆ ಮಾತು ಬೆಳೆಯುವುದಿಲ್ಲ. ಹೀಗೆ ಉಳಿದ ಹಣ್ಣನ್ನು ಊರಿನ ಅಂಗನವಾಡಿಗೂ ಶಾಲೆಗೂ ಕಳುಹಿಸಬಹುದು. ಮೊಟ್ಟೆ ತಿನ್ನದ ಮಕ್ಕಳಿಗೆ ಶಾಲೆಯಲ್ಲಿ ಬಾಳೆಹಣ್ಣನ್ನು ಕೊಡುವ ಕ್ರಮ ಈಗ ಇರುವುದರಿಂದ, ಅದರ ಜೊತೆಗೆ ನಾಲ್ಕು ಹೋಳು ಪರಂಗಿಯೋ ಮಾವೋ ಸೇರುವುದಕ್ಕೆ ಹೆಚ್ಚಿನ ಏರ್ಪಾಡೇನೂ ಬೇಕಾಗುವುದಿಲ್ಲ.

ತೋಪಿಲ್ಲದವರು ಹಿತ್ತಲಿನಲ್ಲಿಯೇ ಎರಡು ಬಾಳೆ, ಮೂರು ಪರಂಗಿ, ಒಂದು ಸೀಬೆ, ಒಂದು ನಿಂಬೆ ನೆಟ್ಟುಕೊಂಡರೆ ಸಾಕು. ಪರಂಗಿಗೆ ಆರು ಅಡಿ, ಸೀಬೆಗೆ ಇಪ್ಪತ್ತು ಅಡಿ ಅಂತರವಿರಬೇಕು. ಪರಂಗಿಯು ನೆಟ್ಟ ಹತ್ತು ತಿಂಗಳ ಸುಮಾರಿಗೆ ಹಣ್ಣು ಕೊಡಲಾರಂಭಿಸುವುದು, ಬಾಳೆ ಒಂದು ವರ್ಷಕ್ಕೆ, ಕಸಿಯ ಸೀಬೆ ಮೂರನೆಯ ವರ್ಷಕ್ಕೆ. ಪರಂಗಿಯಲ್ಲಿ ಗಂಡುಗಿಡಗಳು ಹುಟ್ಟಿ ಜಾಗವನ್ನು ವ್ಯರ್ಥಮಾಡುವುದು ಸಾಮಾನ್ಯ ದೂರು. ಕೊಡಗಿನ ಚೆಟ್ಟಳ್ಳಿಯಲ್ಲಿ ಆರಿಸಿ ಬೆಳೆಸಿದ ಕೂರ್ಗ್ ಹನಿ ಡ್ಯೂ ತಳಿಯಲ್ಲಿ ಹೆಣ್ಣುಗಿಡಗಳೂ ಉಭಯಲಿಂಗದ ಗಿಡಗಳೂ ಮಾತ್ರ ಬರುವುದರಿಂದ ಹಿತ್ತಲಿಗೆ ಅಂತಹುದೇ ಅನುಕೂಲವಾದದ್ದು. ಪರಂಗಿಯ ಬುಡದಲ್ಲಿ ನೀರು ಒಂದು ದಿನ ನಿಂತರೂ ಗಿಡ ಕೊಳೆಯುವುದರಿಂದ ಬಚ್ಚಲ ಕಾಲುವೆಯ ಪಕ್ಕವನ್ನು ಬಾಳೆಗೆ ಬಿಟ್ಟು, ಇದನ್ನು ಸ್ವಲ್ಪ ಎತ್ತರದ ನೆಲದಲ್ಲಿ ನೆಡಬೇಕು.

ರಸಾಯನಕ್ಕೆ ಹೆಚ್ಚಿದ ಹಣ್ಣುಗಳಲ್ಲಿ ಅತ್ಯಂತ ಸಿಹಿಯಾಗಿ ಕಂಡ ಪರಂಗಿಯ ಬೀಜವನ್ನು ಬಿಸಾಡದೆ, ಬೂದಿಯೊಡನೆ ಉಜ್ಜಿ ಮೇಲಿನ ಲೋಳೆಯನ್ನು ತೆಗೆದು, ತೊಳೆದು, ನೆರಳಿನಲ್ಲಿ ಒಣಗಿಸಿ ತಡಮಾಡದೆ ಮಡಿಯಲ್ಲಿ ಬಿತ್ತಬಹುದು. ಸುತ್ತಮುತ್ತ ಬೇರೆ ತಳಿಯ ಗಂಡುಗಿಡಗಳಿದ್ದರೆ ತಾಯಿಯ ಗುಣ ಪೂರ್ತಿಯಾಗಿ ಬಾರದು. ಅಂತಹ ಊರಿನವರು ತೋಟಗಾರಿಕೆ ಇಲಾಖೆಯ ಸಸ್ಯಕ್ಷೇತ್ರದಿಂದ ಸಸಿಗಳನ್ನೇ ತರಿಸಿಕೊಳ್ಳುವುದು ವಾಸಿ. ಮಡಿಯಲ್ಲಿ ಬೆಳೆಸಿದ ಸಸಿಗಳು ಒಂದೂವರೆ ಎರಡು ತಿಂಗಳಿಗೆ ನಾಟಿಗೆ ಬರುವುವು. ಮಾವಿನ ಕಾಲದ ಕಡೆಯಲ್ಲಿ, ಜೂನ್ ತಿಂಗಳ ಮೊದಲ ಮಳೆಗಳು ಬಿದ್ದು ನೆಲ ಹದವಾದಾಗ ನೆಟ್ಟ ಗಿಡವು ಮುಂದಿನ ಬೇಸಗೆಯ ರಸಾಯನಕ್ಕೆ ಹಣ್ಣನ್ನು ಒದಗಿಸುವುದು.